ಸೂತ್ರ ಬರುತ್ತದೆ, ಸಮಸ್ಯೆ ಕಾಣುತ್ತಿಲ್ಲ

ಫಲಿತಾಂಶ ಬಂದ ದಿನ ಕಲಬುರಗಿಯ ಮನೆಮನೆಯಲ್ಲೂ ಶೇಕಡಾವಾರಿನದ್ದೇ ಮಾತು. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಶೇ 42.43 ಫಲಿತಾಂಶ ಪಡೆದು ಜಿಲ್ಲೆ ರಾಜ್ಯದ ಪಟ್ಟಿಯ ಕೊನೆಯಲ್ಲಿ ನಿಂತಾಗ ಎಲ್ಲರಿಗೂ ನೋವಾಯಿತು, ಆಗಬೇಕಾದದ್ದೇ. ಆ ಕೊರತೆ ಕಣ್ಣಿಗೆ ಕಾಣುವಂಥದ್ದು. ಹಾಗಾಗಿ ಅದಕ್ಕೆ ಮದ್ದು ಹುಡುಕುವವರೂ ಇದ್ದಾರೆ. ನಾವಿಲ್ಲಿ ಎಚ್ಚರಿಸಲು ಹೊರಟಿರುವುದು ಯಾವ ಪಟ್ಟಿಯಲ್ಲೂ ಕಾಣದ ಇನ್ನೊಂದು ಕೊರತೆಯ ಬಗ್ಗೆ. ಅದು ನಪಾಸಾದವರದ್ದಲ್ಲ. ಒಳ್ಳೆಯ ಅಂಕ ತೆಗೆದು, ಸಿಇಟಿ ಬರೆದು, ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರದ್ದು.

ಈ ಮಕ್ಕಳಿಗೆ ಸೂತ್ರ ಬರುತ್ತದೆ. ಸಂಖ್ಯೆ ಕೊಟ್ಟರೆ ಉತ್ತರ ತೆಗೆಯುತ್ತಾರೆ. ಆದರೆ ಸಂಖ್ಯೆ ಕೊಡದೆ, ಒಂದು ಊರನ್ನೂ ಅಲ್ಲಿಯ ಒಂದು ತೊಂದರೆಯನ್ನೂ ಮುಂದಿಟ್ಟು ‘ಇದಕ್ಕೊಂದು ವ್ಯವಸ್ಥೆ ಮಾಡಿಕೊಡಿ’ ಎಂದರೆ ಪೆನ್ನು ನಿಂತುಬಿಡುತ್ತದೆ. ಏನನ್ನು ಅಳೆಯಬೇಕು, ಏನನ್ನು ಅಂದಾಜು ಮಾಡಬೇಕು, ಯಾವುದನ್ನು ಸದ್ಯಕ್ಕೆ ಬಿಡಬಹುದು, ಭೌತಶಾಸ್ತ್ರ ಎಲ್ಲಿ ಮುಗಿದು ಜೀವಶಾಸ್ತ್ರವೋ ಲೆಕ್ಕಪತ್ರವೋ ಎಲ್ಲಿ ಶುರುವಾಗುತ್ತದೆ ಎಂದು ತೀರ್ಮಾನಿಸುವ ಅಭ್ಯಾಸವೇ ಅವರಿಗೆ ಆಗಿಲ್ಲ. ಅವರಿಗೆ ಬುದ್ಧಿ ಕಡಿಮೆ ಎಂದು ಯಾರೂ ತಿಳಿಯಬಾರದು. ಹತ್ತು ಹನ್ನೆರಡು ವರ್ಷ ಯಾರೂ ಅವರನ್ನು ಅಂಥ ಪ್ರಶ್ನೆ ಕೇಳಿಲ್ಲ, ಅಷ್ಟೇ. ಈಗಲೂ ಕೇಳದಿದ್ದರೆ ನಾಲ್ಕು ವರ್ಷದ ಬಳಿಕ ಕೈಯಲ್ಲಿ ಪದವಿ ಇರುವ, ಕಣ್ಣೆದುರಿನ ಸಮಸ್ಯೆಯ ಮುಂದೆ ಮಾತು ಹೊರಡದ ಒಂದು ಪೀಳಿಗೆಯನ್ನು ನಾವೇ ಹೊರಗೆ ಕಳಿಸಿರುತ್ತೇವೆ. ಎಚ್ಚರಿಕೆ ಹೇಳಲು ಅದಕ್ಕಿಂತ ಮೊದಲು, ಅಂದರೆ ಇವತ್ತೇ, ಸಮಯ.

ಕಮಲಾಪುರದ ಒಂದು ಪ್ರಶ್ನೆ

ಮಾತು ಗಾಳಿಯಲ್ಲಿ ತೇಲಬಾರದು. ಹತ್ತಿರದ ಒಂದು ಸಮಸ್ಯೆಯನ್ನೇ ತೆಗೆದುಕೊಳ್ಳೋಣ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು. ಸಸಿ ನೆಟ್ಟು ಗೊನೆ ಕೈಗೆ ಬರಲು ಹೆಚ್ಚುಕಡಿಮೆ ಒಂದೂವರೆ ವರ್ಷ ಕಾಯಬೇಕು. ಬೇರೆ ಬಾಳೆಗಿಂತ ಬೆಲೆ ಹೆಚ್ಚು, ಕೆಟ್ಟರೆ ನಷ್ಟವೂ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಗೊನೆ ಕಡಿದ ರೈತ ಗಾಡಿ ಬರುವ ತನಕ, ಕೊಳ್ಳುವವರು ಸಿಗುವ ತನಕ ಅದನ್ನು ಬಿಸಿಲಿನ ಹೊಡೆತದಿಂದ ಕಾಪಾಡಬೇಕು. ಕರೆಂಟನ್ನು ನಂಬಿ ಕೂರುವಂತಿಲ್ಲ. ಅವನ ಪ್ರಶ್ನೆ ಇಷ್ಟೇ: ‘ಗಾಡಿ ಬರೂತನ ಗೊನಿ ಎಲ್ಲಿ ಇಡಬೇಕ್ರಿ?’

ಈ ಪ್ರಶ್ನೆಯನ್ನು ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡದ ಮುಂದಿಟ್ಟರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ಒಂದು ಗುಂಪು ಕೇಳುವುದು: ‘ಇದಕ್ಕ ಯಾವ ಫಾರ್ಮುಲಾ ಹಚ್ಚಬೇಕ್ರಿ ಸರ? ಸಿಲೆಬಸ್‌ನಾಗ ಅದೇನ್ರಿ?’ ಇನ್ನೊಂದು ಗುಂಪು ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಉಪಕರಣದ ಹೆಸರು ಹೇಳುತ್ತದೆ: ಸೋಲಾರ್ ಫಲಕ, ಫ್ಯಾನು, ತಾಪ ಅಳೆಯುವ ಸೆನ್ಸರು, ಅದಕ್ಕೊಂದು ಆರ್ಡುಯಿನೊ ಬೋರ್ಡು, ಮೊಬೈಲಿಗೆ ಒಂದು ಆ್ಯಪ್. ವರದಿ ಬರೆಯುವಾಗ ಕೊನೆಗೆ ‘ಕಾರ್ಯತತ್ವ’ ಎಂಬ ಒಂದು ಪುಟ ಸೇರಿಸಿ ಅದರಲ್ಲಿ ಭೌತಶಾಸ್ತ್ರದ ನಾಲ್ಕು ಸಾಲು ಹಾಕುತ್ತಾರೆ. ಮೊದಲ ಗುಂಪಿನ ಕೈಯಲ್ಲಿ ವಿಜ್ಞಾನವಿದೆ, ವಿನ್ಯಾಸವಿಲ್ಲ. ಎರಡನೆಯದರ ಕೈಯಲ್ಲಿ ವಿನ್ಯಾಸವಿದೆ, ಅದಕ್ಕೆ ವಿಜ್ಞಾನದ ಬುಡವಿಲ್ಲ. ಇಬ್ಬರ ಉತ್ತರವೂ ಕಮಲಾಪುರದ ತೋಟಕ್ಕೆ ಉಪಯೋಗಕ್ಕೆ ಬಾರದು.

ಮೂರನೆಯ ದಾರಿಯೊಂದಿದೆ. ಅದು ಪ್ರಶ್ನೆಯಿಂದಲೇ ಶುರುವಾಗುತ್ತದೆ: ಹಣ್ಣು ಎಷ್ಟು ತಣ್ಣಗಿರಬೇಕು? ಫ್ರಿಜ್ಜಿನಷ್ಟು ಎಂದು ಹೊರಟರೆ ಸೋತಂತೆ. ಬಾಳೆಯನ್ನು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಕಾಯಿ ಸರಿಯಾಗಿ ಮಾಗುವುದೂ ಇಲ್ಲ. 35 ಡಿಗ್ರಿ ದಾಟಿದರೂ ಮಾಗುವ ಕ್ರಮ ಕೆಡುತ್ತದೆ. ಹಾಗಾದರೆ ಈ ಎರಡರ ನಡುವೆ ಎಲ್ಲೋ ಒಂದು ಜಾಗ ಹಿಡಿಯಬೇಕು. ಭೌತಶಾಸ್ತ್ರದ ಪ್ರಶ್ನೆಗೆ ಮೊದಲ ಗಡಿ ಹಾಕಿದ್ದು ಜೀವಶಾಸ್ತ್ರ ಎಂಬುದನ್ನು ವಿದ್ಯಾರ್ಥಿ ಇಲ್ಲಿಯೇ ಗುರುತಿಸಬೇಕು.

ಎರಡನೆಯ ಪ್ರಶ್ನೆ: ಕರೆಂಟಿಲ್ಲದೆ ಎಷ್ಟು ತಂಪು ಸಾಧ್ಯ? ಗೊನೆ ಇಡುವ ಸಣ್ಣ ಕೋಣೆಯ ಗೋಡೆಯನ್ನು ಒದ್ದೆಯಾಗಿಟ್ಟರೆ, ಅದರ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ; ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದರಿಂದಲೇ. ಆದರೆ ಆ ತಂಪಿಗೆ ಒಂದು ತಳವಿದೆ, ಆ ತಳವನ್ನು ಗಾಳಿಯ ತೇವ ನಿರ್ಧರಿಸುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ 40 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇ 20ರಷ್ಟು ತೇವ ಎಂದುಕೊಂಡರೆ ಆವಿಯಿಂದ ಸಿಗುವ ತಂಪು ಹೆಚ್ಚೆಂದರೆ 22–23 ಡಿಗ್ರಿಗೆ ಇಳಿಯಬಹುದು. ಅದೇ ಕೋಣೆ ಜುಲೈನಲ್ಲಿ, 30 ಡಿಗ್ರಿ ತಾಪ, ಶೇ 80 ತೇವ ಇರುವಾಗ, 27ರ ಕೆಳಗೆ ಇಳಿಯುವುದೇ ಇಲ್ಲ. ಕಲಬುರಗಿಯ ಒಣ ಬಿಸಿಲು ಈ ಉಪಾಯಕ್ಕೆ ನೆರವಾಗುತ್ತದೆ, ಮಳೆಗಾಲ ನೆರವಾಗುವುದಿಲ್ಲ. ಮಂಗಳೂರಿನಲ್ಲಿ ಸೋಲುವ ವಿನ್ಯಾಸ ಕಮಲಾಪುರದಲ್ಲಿ ಗೆಲ್ಲಬಹುದು. ಇದನ್ನು ಯಾವ ಸೂತ್ರವೂ ತಾನಾಗಿ ಹೇಳುವುದಿಲ್ಲ. ಸೂತ್ರವನ್ನು ಊರಿನ ಹವೆಗೆ ಹಿಡಿದು ನೋಡಿದವನಿಗೆ ಮಾತ್ರ ತಿಳಿಯುತ್ತದೆ.

ಮೂರನೆಯದು ಲೆಕ್ಕ. 100 ಕಿಲೋ ಬಾಳೆಯನ್ನು 40ರಿಂದ 25 ಡಿಗ್ರಿಗೆ ಇಳಿಸಬೇಕು. ಒಂದು ಕಿಲೋ ಬಾಳೆ ಒಂದು ಡಿಗ್ರಿ ತಣ್ಣಗಾಗಲು ಸುಮಾರು 3.35 ಕಿಲೋಜೂಲ್ ಶಾಖ ಹೊರಹೋಗಬೇಕು. 100ನ್ನು 15ರಿಂದ, ಅದನ್ನು 3.35ರಿಂದ ಗುಣಿಸಿದರೆ 5,025 ಕಿಲೋಜೂಲ್. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಒಯ್ಯುತ್ತದೆ. ಅಂದರೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಸಾಕು! ಪರೀಕ್ಷೆಯಲ್ಲಾದರೆ ಇಲ್ಲಿಗೆ ಪೂರ್ತಿ ಅಂಕ. ಬಹಳಷ್ಟು ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲುತ್ತಾರೆ, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಾರೆ.

ನಿಜವಾದ ಯೋಚನೆ ಶುರುವಾಗುವುದು ಆ ಗೆರೆಯ ಕೆಳಗೆ. ‘ಎರಡೇ ಲೀಟರ್ ಸಾಕೆಂದರೆ ಇಷ್ಟು ಹೊತ್ತಿಗೆ ಎಲ್ಲರೂ ಮಾಡಿರುತ್ತಿದ್ದರಲ್ಲ, ನಾನು ಏನು ಬಿಟ್ಟೆ?’ ಎಂದು ತನ್ನ ಉತ್ತರವನ್ನೇ ಅನುಮಾನಿಸುವವನಿಗೆ ಬಿಸಿಲು ನೆನಪಾಗುತ್ತದೆ. ನಡುಹಗಲ ನೆತ್ತಿಯ ಬಿಸಿಲು ಒಂದು ಚದರ ಮೀಟರ್ ಜಾಗದ ಮೇಲೆ ಒಂದು ತಾಸು ಬಿದ್ದರೆ ಸುಮಾರು 3,600 ಕಿಲೋಜೂಲ್ ಶಕ್ತಿ ಸುರಿಯುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಒಳಗೆ ಇಳಿದರೂ ಒಂದು ಲೀಟರ್ ನೀರಿನ ತಂಪು ಅಷ್ಟರಲ್ಲೇ ಖರ್ಚಾಯಿತು. ಬರೀ ಒಂದು ಚದರ ಮೀಟರ್ ಚಾವಣಿಯ ಮೇಲೆ ಎರಡು ತಾಸು ಬಿದ್ದ ಬಿಸಿಲು 100 ಕಿಲೋ ಹಣ್ಣನ್ನು ತಣ್ಣಗೆ ಮಾಡಲು ಪಟ್ಟ ಶ್ರಮವನ್ನೆಲ್ಲ ಅಳಿಸಿಹಾಕಬಲ್ಲದು. ಹಾಗಾದರೆ ಕೋಣೆಗೆ ಮೊದಲು ಬೇಕಾದದ್ದು ಪಂಪೂ ಅಲ್ಲ, ಸೆನ್ಸರೂ ಅಲ್ಲ, ನೆರಳು. ಬದುವಿನ ಬೇವಿನ ಮರದ ಕೆಳಗೆ ಕಟ್ಟುವುದೋ, ಮೇಲೊಂದು ಚಪ್ಪರ ಹಾಕುವುದೋ ಎಂಬುದು ಮೊದಲ ನಿರ್ಧಾರವಾಗುತ್ತದೆ. ಭೌತಶಾಸ್ತ್ರ ಇಲ್ಲಿ ವರದಿಯ ಕೊನೆಯ ಪುಟದ ಅಲಂಕಾರವಾಗಿ ಉಳಿಯಲಿಲ್ಲ. ಕೋಣೆ ಎಲ್ಲಿ ನಿಲ್ಲಬೇಕೆಂದು ಅದೇ ಹೇಳಿತು.

ಅಲ್ಲಿಂದ ಮುಂದೆ ಒಂದರ ಹಿಂದೊಂದು ಪ್ರಶ್ನೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ‘ಶೂನ್ಯ ಶಕ್ತಿ ತಂಪು ಕೋಣೆ’ ಇಂಥದ್ದೇ: ಇಟ್ಟಿಗೆಯ ಎರಡು ಗೋಡೆ, ನಡುವೆ ಸುಮಾರು 7.5 ಸೆಂಟಿಮೀಟರ್ ಸಂದಿನಲ್ಲಿ ಮರಳು, ಅದಕ್ಕೆ ದಿನವೂ ನೀರು. ಮೇ ತಿಂಗಳಲ್ಲಿ ಆ ನೀರು ಎಲ್ಲಿಂದ? ಬೋರು ಬತ್ತಿದ್ದರೆ ಕೊಡ ಹೊರುವವರು ಯಾರು? ಮನೆಯ ಹೆಣ್ಣುಮಗಳ ಮೇಲೆ ಇನ್ನೊಂದು ಕೆಲಸ ಬಿದ್ದರೆ ಆ ವಿನ್ಯಾಸವನ್ನು ಒಳ್ಳೆಯದು ಎನ್ನಬಹುದೇ? ಮಾಗಿದ ಹಣ್ಣು ಎಥಿಲೀನ್ ಅನಿಲ ಬಿಟ್ಟು ಪಕ್ಕದ ಕಾಯಿಯನ್ನೂ ಬೇಗ ಮಾಗಿಸುತ್ತದೆ. ಅದನ್ನು ಹೊರಹಾಕಲು ಕಿಂಡಿ ಇಟ್ಟರೆ ತಂಪೂ ಹೊರಹೋಗುತ್ತದೆ. ಹಾಗಾದರೆ ಕಿಂಡಿ ಎಷ್ಟು ದೊಡ್ಡದು, ಯಾವ ಹೊತ್ತಿನಲ್ಲಿ ತೆರೆಯಬೇಕು? ಇವುಗಳಲ್ಲಿ ಯಾವುದಕ್ಕೂ ಒಂದೇ ಸರಿಯುತ್ತರ ಇಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಎಷ್ಟು ಬಿಟ್ಟುಕೊಡಬೇಕು ಎಂದು ತೂಗಿ ನೋಡುವುದೇ ಎಂಜಿನಿಯರಿಂಗ್.

ಯೋಚನೆಯ ದಾರಿ ಎಲ್ಲಿ ತಪ್ಪುತ್ತದೆ

ಕಲಿಯುವವರು ಹೀಗೇಕೆ ಎಡವುತ್ತಾರೆ ಎಂಬುದನ್ನು ಶಿಕ್ಷಣ ಸಂಶೋಧಕರು ಹಲವು ದಶಕಗಳಿಂದ ನೋಡುತ್ತ ಬಂದಿದ್ದಾರೆ. 1981ರಲ್ಲಿ ಅಮೆರಿಕದ ಮಿಶೆಲಿನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಲೆಕ್ಕಗಳನ್ನು ಕೊಟ್ಟು ‘ಒಂದೇ ಜಾತಿಯವನ್ನು ಒಟ್ಟಿಗಿಡಿ’ ಎಂದರು. ಹೊಸಬರು ಮೇಲ್ನೋಟಕ್ಕೆ ಕಂಡದ್ದನ್ನು ನೋಡಿ ವಿಂಗಡಿಸಿದರು: ಇಳಿಜಾರಿನ ಲೆಕ್ಕಗಳು ಒಂದು ಕಡೆ, ಸ್ಪ್ರಿಂಗಿನ ಲೆಕ್ಕಗಳು ಇನ್ನೊಂದು ಕಡೆ. ಪರಿಣತರು ಒಳಗಿನ ತತ್ವ ನೋಡಿದರು: ಶಕ್ತಿಯ ಸಂರಕ್ಷಣೆಯ ಲೆಕ್ಕಗಳು ಇವು, ನ್ಯೂಟನ್ನನ ನಿಯಮದವು ಅವು. ನಮ್ಮ ಬಾಳೆಯ ಪ್ರಶ್ನೆಗೆ ಇದನ್ನು ಹಚ್ಚಿ ನೋಡಿ. ‘ಬಾಳೆ’ ಎಂದ ಕೂಡಲೇ ‘ಇದು ಕೃಷಿಯ ವಿಷಯ, ನಮ್ಮದಲ್ಲ’ ಎನ್ನುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ಮೇಲ್ನೋಟವನ್ನೇ ಓದುತ್ತಿದ್ದಾನೆ. ಶಾಖದ ಒಳಹರಿವು, ಹೊರಹರಿವು ಕಂಡವನಿಗೆ ಅದೇ ಲೆಕ್ಕ ಸರ್ವರ್ ಕೋಣೆಯಲ್ಲೂ ಇದೆ, ತೊಗರಿ ಬೇಳೆ ಗಿರಣಿಯಲ್ಲೂ ಇದೆ, ಬೇಸಿಗೆಯ ತರಗತಿ ಕೋಣೆಯಲ್ಲೂ ಇದೆ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಈಚಿನ ವರ್ಷಗಳಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದೊಳಗೇ ಎಂಜಿನಿಯರಿಂಗ್ ವಿನ್ಯಾಸದ ಸಮಸ್ಯೆಗಳನ್ನು ಕೊಟ್ಟು, ತಂಡದೊಳಗಿನ ಮಾತನ್ನೂ ಬರಹವನ್ನೂ ಸಂಶೋಧಕರು ಪರಿಶೀಲಿಸುತ್ತಿದ್ದಾರೆ. ಅವರು ನೋಡುವುದು ಅಂತಿಮ ಉತ್ತರವನ್ನಲ್ಲ. ವಿನ್ಯಾಸದ ಯೋಚನೆ, ವಿಜ್ಞಾನದ ಯೋಚನೆ, ಗಣಿತದ ಯೋಚನೆ, ತನ್ನ ಯೋಚನೆಯನ್ನೇ ತಾನು ತಿರುಗಿ ನೋಡುವ ಎಚ್ಚರ, ಇವು ಯಾವಾಗ ಬರುತ್ತವೆ, ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದನ್ನು. ವಿನ್ಯಾಸ ಕೊಟ್ಟ ಮಾತ್ರಕ್ಕೆ ವಿಜ್ಞಾನ ತಾನಾಗಿ ಬರುವುದಿಲ್ಲ, ಮಕ್ಕಳು ಮಾಡಿ ನೋಡಿ, ಕೆಟ್ಟರೆ ಬದಲಿಸಿ ಮುಂದೆ ಹೋಗಿಬಿಡುತ್ತಾರೆ ಎಂಬುದು ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ‘ಏಕೆ ಹೀಗಾಯಿತು?’ ಎಂದು ಕೇಳುವ ಶಿಕ್ಷಕರು ಪಕ್ಕದಲ್ಲಿ ಇದ್ದಾಗ ಮಾತ್ರ ಎರಡೂ ಬೆಸೆಯುತ್ತವೆ.

ನಮ್ಮಲ್ಲಿ ಆ ‘ಏಕೆ’ಗೆ ಜಾಗ ಎಲ್ಲಿದೆ? ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗೆ 80 ನಿಮಿಷ. ಒಂದಕ್ಕೆ 80 ಸೆಕೆಂಡು. ಅಷ್ಟರಲ್ಲಿ ಪ್ರಶ್ನೆಯನ್ನು ಗುರುತು ಹಿಡಿದು, ಸೂತ್ರಕ್ಕೆ ಸಂಖ್ಯೆ ತುಂಬಿ, ಉತ್ತರದ ವೃತ್ತ ಕಪ್ಪು ಮಾಡಬೇಕು. ಅನುಮಾನಿಸಿ ನಿಂತವನು ಹಿಂದುಳಿಯುತ್ತಾನೆ. ಪಿಯುಸಿಯ ಎರಡು ವರ್ಷ ಈ ಓಟಕ್ಕೇ ಮೀಸಲು. ಆ ಓಟದಲ್ಲಿ ಗೆದ್ದವರನ್ನೇ ಎಂಜಿನಿಯರಿಂಗ್‌ನಲ್ಲಿ ಕೂರಿಸಿಕೊಂಡು ‘ನಿಧಾನವಾಗಿ ಯೋಚಿಸು’ ಎಂದರೆ ಅವರಿಗೆ ಅದು ಗೊತ್ತಿಲ್ಲದ ಭಾಷೆ.

ಎಂಜಿನಿಯರಿಂಗ್‌ನಲ್ಲಾದರೂ ದಾರಿ ತೆರೆದಿದೆಯೇ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮ ಮೊದಲ ವರ್ಷದ ಭೌತಶಾಸ್ತ್ರವನ್ನು ಶಾಖೆವಾರು ಹಂಚಿತು. ಕಂಪ್ಯೂಟರ್ ಗುಂಪಿಗೆ ಕ್ವಾಂಟಂ ಕಂಪ್ಯೂಟಿಂಗ್ ಮತ್ತು ಅನಿಮೇಶನ್ನಿನ ಭೌತಶಾಸ್ತ್ರ, ಸಿವಿಲ್ ಗುಂಪಿಗೆ ಕಟ್ಟಡದ ಧ್ವನಿವಿಜ್ಞಾನ, ಮೆಕ್ಯಾನಿಕಲ್ ಗುಂಪಿಗೆ ಕ್ರಯೋಜೆನಿಕ್ಸ್. ಓದುವುದು ತಮ್ಮ ಕೆಲಸಕ್ಕೆ ಹತ್ತಿರವಿರಲಿ ಎಂಬ ಆಶಯ ಒಳ್ಳೆಯದೇ. ಆದರೆ ತೊಂದರೆಗಳು ಶಾಖೆಯ ಚೀಟಿ ಅಂಟಿಸಿಕೊಂಡು ಬರುವುದಿಲ್ಲ. ಬಾಳೆಯ ಪ್ರಶ್ನೆಯಂಥದ್ದು ಯಾವ ಶಾಖೆಗೂ ಸೇರದೆ ಹೊರಗೇ ಉಳಿಯುತ್ತದೆ. ಅದೇ ಪಠ್ಯಕ್ರಮದಲ್ಲಿ ‘ಇನ್ನೊವೇಶನ್ ಆ್ಯಂಡ್ ಡಿಸೈನ್ ಥಿಂಕಿಂಗ್’ ಎಂಬ ಒಂದು ಕ್ರೆಡಿಟ್‌ನ ವಿಷಯವೂ ಇತ್ತು. ಅದರ ಸೆಮಿಸ್ಟರ್ ಪರೀಕ್ಷೆ ಒಂದು ಗಂಟೆಯ ಬಹು ಆಯ್ಕೆ ಪ್ರಶ್ನೆಗಳದ್ದಾಗಿತ್ತು. ವಿನ್ಯಾಸದ ಯೋಚನೆಯನ್ನು ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಯಿಂದ ಅಳೆದರೆ, ಅಳೆದದ್ದು ಬಾಯಿಪಾಠವನ್ನೇ.

ಕೊನೆಯ ವರ್ಷದ ಪ್ರಾಜೆಕ್ಟ್ ಇದಕ್ಕೆಲ್ಲ ಪರಿಹಾರ ಆಗಬೇಕಿತ್ತು. ಆದರೆ ದುಡ್ಡು ಕೊಟ್ಟರೆ ಸಿದ್ಧ ಪ್ರಾಜೆಕ್ಟು, ವರದಿ, ವೈವಾದ ಪ್ರಶ್ನೋತ್ತರದ ಸಮೇತ ಸಿಗುವ ಅಂಗಡಿಗಳು ರಾಜ್ಯದ ದೊಡ್ಡ ಊರುಗಳಲ್ಲಿ ಇವೆ ಎಂಬುದು ಗುಟ್ಟೇನಲ್ಲ. ಅದರ ಮೇಲೆ ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಸಂಖ್ಯೆ ಕೊಟ್ಟ ಲೆಕ್ಕವನ್ನು ಅವು ಕ್ಷಣದಲ್ಲಿ ಬಿಡಿಸುತ್ತವೆ, ವರದಿಯನ್ನೂ ಬರೆದುಕೊಡುತ್ತವೆ. ಅವುಗಳನ್ನು ದೂರಿ ಪ್ರಯೋಜನವಿಲ್ಲ. ಆದರೆ ಒಂದು ಮಾತು ಸ್ಪಷ್ಟವಾಗಬೇಕು: ಹನ್ನೆರಡು ವರ್ಷ ನಾವು ಕಷ್ಟಪಟ್ಟು ಕಲಿಸಿದ ಭಾಗವನ್ನೇ ಯಂತ್ರ ಈಗ ಮಾಡುತ್ತಿದೆ. ತೋಟಕ್ಕೆ ಹೋಗಿ, ಕೇಳಿ, ಅಳೆದು, ಸಮಸ್ಯೆ ಯಾವುದೆಂದು ತೀರ್ಮಾನಿಸುವ ಭಾಗ ಮನುಷ್ಯರಿಗೆ ಉಳಿದಿದೆ. ನಾವು ಕಲಿಸದೆ ಬಿಟ್ಟದ್ದೂ ಅದನ್ನೇ.

ಇಲ್ಲಿ ಏಕೆ ತುರ್ತು

ಈ ಕೊರತೆ ಕಲಬುರಗಿಯದ್ದು ಮಾತ್ರ ಅಲ್ಲ. ಆದರೆ ಅದರ ಬೆಲೆ ತೆರಬೇಕಾದವರಲ್ಲಿ ನಾವು ಮೊದಲಿಗರು. ಸಂವಿಧಾನದ 371(ಜೆ) ಕಲಂ 2012ರ ತಿದ್ದುಪಡಿಯಿಂದ ಬಂತು. ಅದರಿಂದಾಗಿ ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲೂ ಸರ್ಕಾರಿ ಹುದ್ದೆಗಳಲ್ಲೂ ಸ್ಥಳೀಯರಿಗೆ ಮೀಸಲು ಸಿಕ್ಕಿತು. ಅದು ದೀರ್ಘ ಹೋರಾಟದ ಫಲ, ನಮ್ಮ ಹಕ್ಕು. ಅದರ ಇನ್ನೊಂದು ಮುಖವನ್ನೂ ನೋಡಬೇಕು. ಇಂದು ನಮ್ಮ ಕಾಲೇಜುಗಳಲ್ಲಿ ಕೂತಿರುವ ಮಕ್ಕಳೇ ನಾಳೆ ಇಲ್ಲಿಯ ಲೋಕೋಪಯೋಗಿ ಇಲಾಖೆ, ಜೆಸ್ಕಾಂ, ನೀರಾವರಿ ಯೋಜನೆಗಳಲ್ಲಿ ಕೂರುವವರು. ಅವರು ಹೇಗೆ ಯೋಚಿಸುತ್ತಾರೆ ಎಂಬುದರ ಮೇಲೆ ನಮ್ಮ ರಸ್ತೆ, ಕಾಲುವೆ, ಶಾಲೆಯ ಚಾವಣಿ ನಿಂತಿದೆ.

ನಮ್ಮ ಸಮಸ್ಯೆಗಳನ್ನೂ ನೋಡಿ, ಒಂದಾದರೂ ಒಂದೇ ಶಾಸ್ತ್ರಕ್ಕೆ ಸೇರಿದ್ದೇ? ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಮನೆಯ ಗೋಡೆ ಸೀಳುತ್ತದೆ. ಅದು ಮಣ್ಣಿನ ರಸಾಯನ, ನೀರಿನ ಚಲನೆ, ಕಟ್ಟಡದ ಭಾರ ಎಲ್ಲವೂ ಕೂಡಿದ ಪ್ರಶ್ನೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿಯ ತೊಗರಿ ಬೇಳೆಯನ್ನು ನೋಡಿ. ಕಾಳಿನ ಸಿಪ್ಪೆ ಒಳಗಿನ ಬೇಳೆಗೆ ಅಂಟಿನಿಂದ ಬಿಗಿಯಾಗಿ ಕೂತಿರುತ್ತದೆ. ಗಿರಣಿಯಲ್ಲಿ ಕಾಳನ್ನು ಒರಟು ಕಲ್ಲಿನ ರೋಲರಿಗೆ ಕೊಟ್ಟು ಗೀರು ಮಾಡಿ, ಎಣ್ಣೆ ಸವರಿ, ಅಂಗಳದಲ್ಲಿ ಒಣಗಿಸಿ, ನೀರು ಚಿಮುಕಿಸಿ, ಮತ್ತೆ ರೋಲರಿಗೆ ಹಾಕುತ್ತಾರೆ. ಉಜ್ಜುವುದು ಹೆಚ್ಚಾದರೆ ನುಚ್ಚು, ಕಡಿಮೆಯಾದರೆ ಸಿಪ್ಪೆ ಬಿಡದು. ಮೋಡ ಮುಸುಕಿದ ದಿನ ಒಣಗುವುದೇ ಇಲ್ಲ. ಘರ್ಷಣೆ, ತೇವದ ಹರಿವು, ಶಾಖ, ಒಂದೇ ಕಾಳಿನ ಎರಡು ಪದರ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದು, ಇಷ್ಟೂ ಭೌತಶಾಸ್ತ್ರ ಒಂದು ಮುಷ್ಟಿ ತೊಗರಿಯಲ್ಲಿದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬೇಳೆ ಗಿರಣಿಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ. ತೊಗರಿಯ ಕಣಜ ಎನಿಸಿಕೊಂಡ ನಮ್ಮ ಊರಿನ ತರಗತಿಗಳಲ್ಲಿ ಆ ಕಾಳು ಒಂದು ಪ್ರಶ್ನೆಯಾಗಿ ಬರಬೇಡವೇ?

ಬರದಿದ್ದರೆ ಏನಾಗುತ್ತದೆ ಎಂದು ಹೇಳಿಬಿಡುತ್ತೇವೆ. ಹೊರಗಿನ ಕಂಪನಿ ತಂದಿಟ್ಟ ಯಂತ್ರವನ್ನು ನಡೆಸುವವರಾಗಿ ನಮ್ಮ ಪದವೀಧರರು ಉಳಿಯುತ್ತಾರೆ. ಬೇರೆ ಹವೆಗೆ ಮಾಡಿದ ನಕ್ಷೆ 42 ಡಿಗ್ರಿ ಬಿಸಿಲಿಗೆ ಹಾಗೆಯೇ ಬರುತ್ತದೆ, ಅದನ್ನು ಪ್ರಶ್ನಿಸುವ ಧೈರ್ಯ ಸಹಿ ಹಾಕುವವರಿಗೆ ಇರುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಬರುವ ಹಣ ಕಟ್ಟಡವಾಗುತ್ತದೆ, ಸಾಮರ್ಥ್ಯವಾಗುವುದಿಲ್ಲ.

ಎರಡು ಆಕ್ಷೇಪ

‘ಮೊದಲು ಮಕ್ಕಳು ಪಾಸಾಗಲಿ, ಆಮೇಲೆ ಇದೆಲ್ಲ’ ಎನ್ನುವವರಿದ್ದಾರೆ. ಶೇ 42ರ ಫಲಿತಾಂಶ ಕಂಡ ಜಿಲ್ಲೆಯಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಅರ್ಥವಾಗದ್ದನ್ನು ಉರುಹೊಡೆಯಲು ಹೋಗಿಯೇ ಎಷ್ಟೋ ಮಕ್ಕಳು ವಿಜ್ಞಾನದಲ್ಲಿ ಬಿದ್ದಿದ್ದಾರೆ. ಹೊಲ ಕಂಡ ಮಗುವಿಗೆ ಆವಿಯ ತಂಪು ಗೊತ್ತು, ಗಾಡಿ ಎಳೆಯುವ ಎತ್ತಿನ ಶ್ರಮ ಗೊತ್ತು. ಆ ಅರಿವಿನ ಮೇಲೆ ಪಾಠ ಕಟ್ಟಿದರೆ ಪಾಸಾಗುವುದೂ ಸುಲಭವಾಗುತ್ತದೆ. ಕಮಲಾಪುರದ ರೈತನ ಮಗಳಿಗೆ ಈ ಪ್ರಶ್ನೆಯಲ್ಲಿ ನಗರದ ಮಗುವಿಗಿಂತ ಹೆಚ್ಚಿನ ಬಲವಿದೆ. ನಮ್ಮ ಪರೀಕ್ಷೆಗಳು ಇದುವರೆಗೆ ಆ ಬಲಕ್ಕೆ ಒಂದು ಅಂಕವನ್ನೂ ಕೊಟ್ಟಿಲ್ಲ.

‘ಶಿಕ್ಷಕರಿಗೆ ಸಮಯವಿಲ್ಲ, ಪ್ರಯೋಗಾಲಯಕ್ಕೆ ಹಣವಿಲ್ಲ’ ಎಂಬುದು ಎರಡನೆಯ ಆಕ್ಷೇಪ. ಸಮಯದ ಕಷ್ಟ ನಿಜ. ಹಣದ ಮಾತು ಪೂರ್ತಿ ನಿಜವಲ್ಲ. ಮೇಲಿನ ಪ್ರಶ್ನೆಗೆ ಬೇಕಾದದ್ದು ಎರಡು ಥರ್ಮಾಮೀಟರು, ಒಂದರ ಬುಡಕ್ಕೆ ಸುತ್ತುವ ಒದ್ದೆ ಬಟ್ಟೆ, ತಕ್ಕಡಿ, ಒಂದಿಷ್ಟು ಇಟ್ಟಿಗೆ ಮರಳು, ಒಂದು ಗೊನೆ. ಇದಕ್ಕಿಂತ ದುಬಾರಿ ಉಪಕರಣಗಳು ಎಷ್ಟೋ ಪ್ರಯೋಗಾಲಯಗಳ ಕಪಾಟಿನಲ್ಲಿ ಕೂತಿವೆ.

ಇಂಥದ್ದು ಕರ್ನಾಟಕಕ್ಕೆ ಹೊಸದೂ ಅಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಕೇಂದ್ರ ಶುರುವಾಯಿತು. ರೆಡ್ಡಿ ವಿದ್ಯುತ್ ರಸಾಯನ ವಿಜ್ಞಾನಿ. ಅವರ ಬಳಗ ತುಮಕೂರು ಜಿಲ್ಲೆಯ ಉಂಗ್ರ ಗ್ರಾಮವನ್ನು ಕೆಲಸದ ನೆಲೆಯಾಗಿ ಮಾಡಿಕೊಂಡಿತು. ಅಲ್ಲಿಯ ಅಡುಗೆಮನೆಯ ಹೊಗೆಯನ್ನೂ ಸೌದೆ ಹೊರುವ ಹೆಂಗಸರ ಶ್ರಮವನ್ನೂ ಅವರು ಸಮಸ್ಯೆಯಾಗಿ ಕಂಡರು. ಉರಿ, ಗಾಳಿಯ ಸೆಳೆತ, ಶಾಖ ಪಾತ್ರೆಗೆ ಏರುವ ಬಗೆ, ಎಲ್ಲವನ್ನೂ ಲೆಕ್ಕ ಹಾಕಿ ಮೂರು ಪಾತ್ರೆ ಕೂರುವ, ಹೊಗೆಗೊಳವೆ ಇರುವ ಅಸ್ತ್ರ ಒಲೆ ರೂಪುಗೊಂಡಿತು. ಸೌದೆ ಉಳಿಯಿತು, ಹೊಗೆ ಹೊರಗೆ ಹೋಯಿತು. ದೊಡ್ಡ ವಿಜ್ಞಾನಿಗಳು ಒಲೆಯ ಮುಂದೆ ಕೂತು ಯೋಚಿಸಿದ್ದರಿಂದ ವಿಜ್ಞಾನದ ಘನತೆ ಹೆಚ್ಚಾಯಿತು.

ಆಗಬೇಕಾದದ್ದು

ಸಂಸ್ಥೆಗಳಿಗೆ ನಮ್ಮಲ್ಲಿ ಬರವಿಲ್ಲ. 1958ರಿಂದ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿದೆ. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ, 2009ರಿಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, 2017ರಿಂದ ಶರಣಬಸವ ವಿಶ್ವವಿದ್ಯಾಲಯ ಇವೆ. 1984ರಿಂದ ಜಿಲ್ಲಾ ವಿಜ್ಞಾನ ಕೇಂದ್ರ ಮಕ್ಕಳಿಗೆ ವಿಜ್ಞಾನ ತೋರಿಸುತ್ತಿದೆ. ಇವರೆಲ್ಲ ಕೂಡಿ ಮುಂದಿನ ಶೈಕ್ಷಣಿಕ ವರ್ಷದೊಳಗೆ ಮಾಡಬಹುದಾದ ನಾಲ್ಕು ಕೆಲಸಗಳನ್ನು ನಾವು ಮುಂದಿಡುತ್ತೇವೆ.

ಒಂದು, ಮೊದಲ ವರ್ಷದ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಪ್ರತಿ ಸೆಮಿಸ್ಟರ್‌ಗೆ ಒಂದು ಸ್ಥಳೀಯ ವಿನ್ಯಾಸದ ಸಮಸ್ಯೆ ಇರಲಿ. ಬೇರೆ ಬೇರೆ ಶಾಖೆಯವರು ಒಂದೇ ತಂಡದಲ್ಲಿ ಕೂರಲಿ. ಆಂತರಿಕ ಅಂಕ ಕಾಲೇಜಿನ ಕೈಯಲ್ಲಿಯೇ ಇರುವುದರಿಂದ ಇದಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಎರಡು, ಅಂಕ ಕೊಡುವಾಗ ಮಾದರಿಯ ಹೊಳಪು ನೋಡಬಾರದು. ವಿದ್ಯಾರ್ಥಿ ಏನನ್ನು ಊಹಿಸಿಕೊಂಡ, ಏನನ್ನು ಬಿಟ್ಟ, ಯಾವ ಲೆಕ್ಕ ಕಂಡ ಮೇಲೆ ವಿನ್ಯಾಸ ಬದಲಿಸಿದ ಎಂಬುದನ್ನು ಬರೆದಿಡುವ ಪುಸ್ತಕ ಇರಲಿ, ಅಂಕ ಅದಕ್ಕೆ ಸಿಗಲಿ. ಕೆಟ್ಟುಹೋದ ಮೊದಲ ಪ್ರಯತ್ನವನ್ನು ಅದು ಏಕೆ ಕೆಟ್ಟಿತೆಂಬ ಕಾರಣದ ಸಮೇತ ಬರೆದವನಿಗೆ ಹೆಚ್ಚು ಅಂಕ ಬರಲಿ. ಅಂಗಡಿಯಲ್ಲಿ ಕೊಂಡ ಪ್ರಾಜೆಕ್ಟಿನಲ್ಲಿ ಈ ಪುಸ್ತಕ ಇರುವುದಿಲ್ಲ. ಬರೆಯುವುದು ಕನ್ನಡದಲ್ಲೂ ಆಗಬಹುದು ಎಂದು ಹೇಳಿದರೆ ಎಷ್ಟೋ ಹಳ್ಳಿ ಮಕ್ಕಳ ಯೋಚನೆ ಹೊರಗೆ ಬರುತ್ತದೆ.

ಮೂರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದಡಿ ಶಿಕ್ಷಣಕ್ಕೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಶಿಕ್ಷಕರ ತರಬೇತಿಗೆ ಹೋಗಲಿ. ತಕ್ಷಣ ಉತ್ತರ ಹೇಳಿಬಿಡದೆ ‘ಯಾಕ ಹಂಗ ಅನಸ್ತದ ನಿಮಗ?’ ಎಂದು ಕೇಳಿ, ಕಾಯುವುದು ಒಂದು ಕಲೆ. ಅದನ್ನು ಕಲಿಯಲು ಶಿಕ್ಷಕರಿಗೂ ಬಿಡುವು ಬೇಕು, ಸಣ್ಣ ತರಗತಿ ಬೇಕು, ಜೊತೆ ಬೇಕು.

ನಾಲ್ಕು, ಜಿಲ್ಲಾ ವಿಜ್ಞಾನ ಕೇಂದ್ರ ಮತ್ತು ಕಾಲೇಜುಗಳು ಸೇರಿ ಊರಿನ ಪ್ರಶ್ನೆಗಳ ಒಂದು ತೆರೆದ ಪಟ್ಟಿ ಮಾಡಲಿ. ಕಮಲಾಪುರದ ತೋಟದವರು, ಬೇಳೆ ಗಿರಣಿಯವರು, ಶಹಾಬಾದ್ ಕಲ್ಲಿನ ಕೆಲಸದವರು, ತಗಡಿನ ಚಾವಣಿಯ ಕೆಳಗೆ ಪಾಠ ಮಾಡುವ ಶಿಕ್ಷಕರು, ತಮ್ಮ ತೊಂದರೆಯನ್ನು ತಮ್ಮ ಮಾತಿನಲ್ಲೇ ಹೇಳಲಿ. ವಿದ್ಯಾರ್ಥಿಗಳು ಅಲ್ಲಿಂದ ಆರಿಸಿಕೊಳ್ಳಲಿ. ಉತ್ತರ ಸಿಕ್ಕರೂ ಸಿಗದಿದ್ದರೂ ಪ್ರಶ್ನೆ ಕೊಟ್ಟವರ ಮುಂದೆ ಹೋಗಿ ನಿಂತು ವರದಿ ಒಪ್ಪಿಸಲಿ.

ತಂದೆತಾಯಿಯರಿಗೂ ಒಂದು ಮಾತು. ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳಿ, ತಪ್ಪಿಲ್ಲ. ಜೊತೆಗೆ ಹೋದ ವರ್ಷದ ವಿದ್ಯಾರ್ಥಿಗಳ ಕೆಲಸದ ಪುಸ್ತಕ ತೋರಿಸಿ ಎಂದೂ ಕೇಳಿ. ಅದರಲ್ಲಿ ಹೊಡೆದುಹಾಕಿದ ಸಾಲುಗಳು, ಬದಲಿಸಿದ ಲೆಕ್ಕಗಳು ಇದ್ದರೆ ಅಲ್ಲಿ ಕಲಿಕೆ ನಡೆದಿದೆ. ಎಲ್ಲರ ಪುಸ್ತಕವೂ ಒಂದೇ ಥರ ನೀಟಾಗಿದ್ದರೆ ಎಚ್ಚರವಾಗಿರಿ.

ಪರಿಸ್ಥಿತಿ ಕೈಮೀರುತ್ತಿದೆ ಎಂಬುದಕ್ಕೆ ಗುರುತುಗಳೂ ಇವೆ. ಒಂದೇ ವಿಷಯದ ಪ್ರಾಜೆಕ್ಟು ವರ್ಷ ವರ್ಷ ಬೇರೆ ಹೆಸರಲ್ಲಿ ಮತ್ತೆ ಬಂದರೆ, ವೈವಾದಲ್ಲಿ ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ಮೌನ ಬಂದರೆ, ಭೌತಶಾಸ್ತ್ರ ಮೊದಲ ವರ್ಷದಲ್ಲೇ ಮುಗಿಸಿ ಮರೆಯುವ ವಿಷಯ ಎಂದು ಶಿಕ್ಷಕರೇ ಹೇಳತೊಡಗಿದರೆ, ಕಾಲ ಮಿಂಚುತ್ತಿದೆ ಎಂದರ್ಥ. ಈ ಮೂರನ್ನು ಪ್ರತಿ ಕಾಲೇಜು ಈ ವರ್ಷದ ಕೊನೆಗೆ ತನ್ನಲ್ಲಿ ತಾನೇ ಪರೀಕ್ಷಿಸಿಕೊಳ್ಳಬಹುದು. ಅದಕ್ಕೆ ಸಮಿತಿ ಬೇಡ, ಸುತ್ತೋಲೆ ಬೇಡ.

ಹಿಂದುಳಿದ ಪ್ರದೇಶ ಎಂಬ ಹಣೆಪಟ್ಟಿ ನಮಗೆ ಹಳೆಯದು. ಅದನ್ನು ಕಳಚಲು ಅನುದಾನ ಬೇಕು, ಮೀಸಲು ಬೇಕು, ಕಟ್ಟಡ ಬೇಕು. ಅವುಗಳಿಗಾಗಿ ಹೋರಾಡುತ್ತ ಬಂದಿದ್ದೇವೆ, ಮುಂದೆಯೂ ಹೋರಾಡೋಣ. ತಮ್ಮ ನೆಲದ ತೊಂದರೆಯನ್ನು ಕಂಡು, ಅಳೆದು, ತಾವೇ ಪರಿಹಾರ ರೂಪಿಸಬಲ್ಲ ಮಕ್ಕಳನ್ನು ಮಾತ್ರ ಬೇರೆ ಯಾರೂ ನಮಗೆ ಮಂಜೂರು ಮಾಡಿಕೊಡಲಾರರು. ಅವರನ್ನು ನಮ್ಮ ತರಗತಿಗಳೇ ಬೆಳೆಸಬೇಕು. ಬರುವ ಸೆಮಿಸ್ಟರ್‌ನಲ್ಲಿ ಒಂದು ಕಾಲೇಜು, ಒಂದು ತಂಡ, ಒಂದು ಪ್ರಶ್ನೆಯಿಂದಲೇ ಶುರುವಾಗಲಿ. ಶುರುವಾಗಲೇಬೇಕು.